ಗೋಣಿತಟ್ಟಿನ ಮ್ಯಾಲಿನ ಏಸಿ

ನಾ ಮಂಜೂರ, ಭಾಗ್ಯನಗರದಾಗ ಕಾರ್ ರಿಪೇರಿ ಮಾಡಾಂವ. ಹೋದ ಮೇ ತಿಂಗಳ ತಳಕಲ್ಲಿನ ಮುದಿಯಪ್ಪ ಹಳೇ ಕಾರ್ ತಂದು, "ಏಸಿ ಕೆಟ್ಟೈತ್ರಿ, ಪೂರಾ ಕಿತ್ತು ಹಾಕ್ರಿ" ಅಂದ. ಅಂಥಾ ಬಿಸಿಲಾಗ ಸ್ವೆಟರ್ ಹಾಕ್ಕೊಂಡಿದ್ದ. ನನಗ ಅಲ್ಲೇ ಸಂಶೆ ಬಂತು.

ನಾಳೆ ಕಳ್ಳ ಅನಿಸ್ಕೋಬಾರದಂತ, ಬಿಚ್ಚಿದ್ದೆಲ್ಲಾ ಗೋಣಿತಟ್ಟಿನ ಮ್ಯಾಲೆ ಸಾಲಾಗಿ ಇಡೋದು ನನ್ನ ರೂಢಿ. ಕಂಪ್ರೆಸರ್, ಪೈಪು, ಕಾಯಿಲ್ ಎಲ್ಲಾ ಹೊರಗ ಬಂತು. ಆದರೂ ಕಾರಿನಾಗ ಕುಂತ್ರ ಕಾಲು ಮರಗಟ್ಟತಿದ್ವು. ಹಿಂದಿನ ಗ್ಲಾಸಿನ ಮ್ಯಾಲೆ, ಯಾರೋ ಒಳಗಿಂದ ಉಸಿರು ಬಿಟ್ಟಂಗ, ದುಂಡಗ ಮಬ್ಬು ಕಟ್ಟಿತ್ತು. ಒರೆಸಿದೆ. ಮತ್ತ ಅಲ್ಲೇ ಕಟ್ಟಿತು.

"ಯಜಮಾನ್ರ, ನಿಮ್ಮ ಸಾಮಾನ ನೋಡ್ಕೊಳ್ರಿ" ಅಂದೆ.

ಅಂವ ತಟ್ಟಿನ ಕಡೆ ತಿರುಗಿನೂ ನೋಡಲಿಲ್ಲ.

"ನೀವ ಇಟ್ಕೊಳ್ರಿ ಮೇಸ್ತ್ರಿ. ಇದೇ ಕಾರಿಂದ ಮೊದಲ ಎರಡು ಸಲ ಕಿತ್ತಿಸಿದ ಏಸಿನೂ ಮನ್ಯಾಗ ಬಿದ್ದಾವ. ನಾ ಒಮ್ಮೆನೂ ತಿರುಗಿ ಹಾಕಿಸಿಲ್ಲ."