ಒಡೆದ ಟ್ಯಾಂಕಿನ ಆರು ಬಾರ್

"ನಮ್ಮೆಜಮಾನ್ರೇ ಆಟೋಮ್ಯಾಟಿಕ್ ಸ್ವಿಚ್ ತಪ್ಪಿಸಿ ಟ್ಯಾಂಕ್ ಒಡೆಸಿದ್ರು ಅಂತ ರಿಪೋರ್ಟ್ ಬರೀತಾವ್ರೆ. ಅದೊಂದು ಮಾತು ಅಳಿಸ್ಕೊಡಿ ಅಕ್ಕಾ."

ಭಾನುಮತಿಯ ಮನೆಯಲ್ಲಿ ಕೂತ ಗೌರಮ್ಮ ಅಳಲಿಲ್ಲ. ಅಳುವುದು ಮುಗಿದಿತ್ತು. ಆಯುಧಪೂಜೆಯಾದ ಮೂರನೇ ದಿನ ಪೀಣ್ಯದ ಕಾರ್ಖಾನೆಯಲ್ಲಿ ಗಾಳಿ ಕಂಪ್ರೆಸರಿನ ಟ್ಯಾಂಕ್ ಸಿಡಿದು ಅವಳ ಗಂಡ, ಆಪರೇಟರ್ ರಾಮಾಂಜಿನಪ್ಪ, ಸತ್ತಿದ್ದರು. ಮಗ ಸಿದ್ಧಾರ್ಥ್ ಅಲ್ಲೇ ಎಲೆಕ್ಟ್ರಿಷಿಯನ್. ತಲೆ ತಗ್ಗಿಸಿ ಫೋನ್ ಚಾರ್ಜಿಗೆ ಹಾಕುತ್ತಿದ್ದ.

ಭಾನುಮತಿ ಅವನ ಚಾರ್ಜರಿನ ವೈರಿಗೆ ಸುತ್ತಿದ್ದ ಟೇಪ್ ನೋಡಿದರು. "ಟೇಪಿನ ತುದಿ ಮಡಚಿದೀಯಲ್ಲ?"

"ಅಪ್ಪ ಹೇಳ್ಕೊಟ್ಟಿದ್ದು. ಮುಂದೆ ಬಿಚ್ಚೋನಿಗೆ ಉಗುರು ಸಿಗಲಿ ಅಂತ."

ಭಾನುಮತಿ ಸರ್ಕಾರಿ ಕಾರ್ಖಾನೆಯೊಂದರ ಮೀಟರ್ ವಿಭಾಗದಿಂದ ನಿವೃತ್ತರಾದವರು. ಪೀಣ್ಯದಲ್ಲಿ ಯಂತ್ರ ಸುಳ್ಳು ಹೇಳಿದರೆ ಜನ ಅವರ ಮನೆಗೇ ಬರುತ್ತಿದ್ದರು. ಆರು ವರ್ಷದಿಂದ ಅವರ ಸಲಕರಣೆಯ ಚೀಲ ಹೊರುತ್ತಿದ್ದ ಯಾಮಿನಿ ಅಂದೂ ಜೊತೆಗಿದ್ದಳು. ತಾಯಿಮಗನ ಜೊತೆ ಇಬ್ಬರೂ ಕಾರ್ಖಾನೆಗೆ ಹೋದರು.

"ಟ್ಯಾಂಕೇ ಇಲ್ಲ, ಏನ್ ನೋಡ್ತೀರಾ ಮೇಡಂ?" ಎಂದ ಸೂಪರ್‌ವೈಸರ್ ಶಶಿಕುಮಾರ್.

"ಪ್ಯಾನಲ್ಲಿಗೆ ಕರೆಂಟ್ ಕೊಡಿ."

ಪಕ್ಕದ ಗೋಡೆಯಲ್ಲಿ ಮೋಟಾರ್ ನಡೆಸುವ ಪ್ಯಾನಲ್ ಉಳಿದಿತ್ತು. ಅದರ ಸ್ವಿಚ್ ಆಟೋದಲ್ಲೇ, ಅಂದರೆ ಆಟೋಮ್ಯಾಟಿಕ್‌ನಲ್ಲೇ ಇತ್ತು. ಮೀಟರ್ ಬೆಳಗಿತು: ಒತ್ತಡ ಆರು ಬಾರ್. ಟ್ಯಾಂಕಿಲ್ಲದ ಜಾಗದಲ್ಲಿ ಆರು ಬಾರ್!

ಹರಿದ ಪೈಪಿನಲ್ಲಿ ಒತ್ತಡ ಅಳೆಯುವ ಸೆನ್ಸರ್ ನೇತಾಡುತ್ತಿತ್ತು. ಭಾನುಮತಿ ಅದರ ವೈರ್ ಕಿತ್ತರು. ಆಗಲೂ ಆರು. ವೈರಿನ ಕನೆಕ್ಟರಿನೊಳಗೆ ಹಸಿರು ಕಿಲುಬು, ಕುಂಕುಮದ ರಾಡಿ.

"ಪ್ಯಾನಲ್ ಬೀಗ ತೆಗೆಯಪ್ಪ."

ಸಿದ್ಧಾರ್ಥ್ ಸೊಂಟದ ಗೊಂಚಲಿನಿಂದ ಕೀ ತೆಗೆದ. ಬಾಗಿಲು ತೆರೆದು ಪಕ್ಕಕ್ಕೆ ಸರಿದ. ಭಾನುಮತಿ ಒಳಗೆ ನೋಡಿ, ಎಲ್ಲರನ್ನೂ ಹತ್ತಿರ ಕರೆದರು.

"ಸ್ವಿಚ್ ಆಟೋದಲ್ಲಿದೆ. ರಾಮಾಂಜಿನಪ್ಪ ಏನೂ ತಪ್ಪಿಸಿಲ್ಲ. ಆದ್ರೆ ಪೂಜೆಗೆ ನೀರಿನ ಪೈಪ್ ಹಿಡಿದು ಸೆನ್ಸರನ್ನೂ ತೊಳೆದ್ರು. ನೀರು ಒಳಗೆ ಹೋಯ್ತು, ಮೀಟರ್ ಕುಣೀತು, ಮೋಟಾರ್ ಮತ್ತೆಮತ್ತೆ ನಿಂತಿತು. ಅಲ್ವಾ?"

"ಹೌದು. ಅದಕ್ಕೇ ಆ ಮುದುಕ ರಾಮಾಂಜಿನಪ್ಪನಿಗೆ ಎಲ್ಲರೆದುರೇ ಬೈದೆ," ಎಂದ ಶಶಿಕುಮಾರ್.

"ಆಮೇಲೆ ಯಾರೋ ಇಲ್ಲಿ ಒಳಗೆ ಸೆನ್ಸರಿನ ವೈರ್ ಬಿಡಿಸಿ, ಆ ಜಾಗಕ್ಕೆ ಕರೆಂಟ್ ಒಂದೇ ಮಟ್ಟದಲ್ಲಿ ಹಿಡಿಯೋ ಈ ರೆಸಿಸ್ಟರ್ ಹಾಕಿ ಟೇಪ್ ಸುತ್ತಿದ್ರು. ಮೀಟರಿಗೆ ಯಾವಾಗ್ಲೂ ಆರೇ. ಎಂಟಕ್ಕೆ ನಿಲ್ಲಬೇಕಾದ ಮೋಟಾರ್ ನಿಲ್ಲಲೇ ಇಲ್ಲ. ಹೆಚ್ಚಾದ ಗಾಳಿ ಬಿಡೋ ಸೇಫ್ಟಿ ವಾಲ್ವ್ ತುಕ್ಕು ಹಿಡಿದು ಕಚ್ಕೊಂಡಿತ್ತು, ಅದು ನಿಮ್ಮ ಪಾಲಿನ ತಪ್ಪು ಶಶಿಕುಮಾರ್."

"ಟೇಪಿನ ತುದಿ ಮಡಚಿದೆ ನೋಡಿ! ಮುದುಕಂದೇ ಕೆಲಸ," ಎಂದ ಶಶಿಕುಮಾರ್.

"ಅವರ ಹತ್ರ ಪ್ಯಾನಲ್ ಕೀ ಇರ್ಲಿಲ್ಲ," ಎಂದು ಭಾನುಮತಿ ಸಿದ್ಧಾರ್ಥನ ಕೀ ಗೊಂಚಲು ನೋಡಿದರು.

ಸಿದ್ಧಾರ್ಥ್ ಗೊಂಚಲನ್ನು ನೆಲದ ಮೇಲಿಟ್ಟ.

"ಹೊಸ ಸೆನ್ಸರ್ ಬರೋವರ್ಗೂ ಅಂತ ಹಾಕ್ದೆ. ಅಪ್ಪ ಮತ್ತೆ ಬೈಸ್ಕೋಬಾರ್ದು ಅಂತ. ಅಪ್ಪಂಗೆ ಹೇಳೇ ಇರ್ಲಿಲ್ಲ."

ಗೌರಮ್ಮ ಮಗನನ್ನು ನೋಡಲಿಲ್ಲ. "ಅವರ ಹೆಸರು ಅಳಿಸ್ತಾರಾ ಅಕ್ಕಾ?"

"ಅಳಿಸ್ತಾರೆ."

"ಆ ಜಾಗದಲ್ಲಿ ಇವನ ಹೆಸರು ಬರೀತಾರಾ?"

ಭಾನುಮತಿ ಯಾಮಿನಿಯ ಕಡೆ ತಿರುಗಿ ಪ್ಯಾನಲ್ ತೋರಿಸಿದರು. ಸಾಕ್ಷಿಗೆಂದು ರೆಸಿಸ್ಟರ್ ಬಿಡಿಸಲು ಯಾಮಿನಿ ಟೇಪಿನ ಮಡಚಿದ ತುದಿಗೆ ಉಗುರು ಹಾಕಿದಳು. ಒಂದೇ ಎಳೆತಕ್ಕೆ ಸಲೀಸಾಗಿ ಬಿಚ್ಚಿಕೊಂಡಿತು.