ಪಾಲಮ್ಮಜ್ಜಿ ಕಲಿಸಿದ ಗಾಡಿ

"ಅಯ್ಯೋ, ಸತ್ನಪ್ಪೋ!"

ಪಾಲಮ್ಮಜ್ಜಿ ಕೂಗಿದ ಕೂಗಿಗೆ ಚಳ್ಳಕೆರೆ ಬಯಲೇ ಬೆಚ್ಚಿಬಿತ್ತು. ಡ್ರೈವರಿಲ್ಲದ ಗಾಡಿ ಗಕ್ಕನೆ ನಿಂತ್ಕೊಂತು. ದಾರೀಲಿ ಹುಲಿ ಬಂದಿತ್ತು ಅಂದ್ಕೊಂಡ್ರಾ? ಒಂದು ಓತಿಕ್ಯಾತ.

ಪಕ್ಕದಲ್ಲಿ ಕೂತಿದ್ದ ವಿಜ್ಞಾನಿ ಮಾಲತೇಶ ಖುಷಿಗೆ ಕುಣಿದೇಬಿಟ್ಟ. "ನೋಡಿದ್ರಾ ಅಜ್ಜಿ? ನಿಮ್ಮ ಕೂಗಿಗೇ ನಿಂತ್ಹೋಯ್ತು!"

"ನಿಲ್ದೆ ಏನು ಮಾಡೀತು? ನಾನು ಕೂಗಿದ್ರೆ ಮೇಲೆ ಹೋಗೋ ವಿಮಾನ ಇಳಿದು ಬಂದು, ಏನಜ್ಜಿ ಅಂತ ಕೇಳ್ಬೇಕು."

ಬೇರೆಯೋರ ಗಾಡಿಗಳು ಕ್ಯಾಮೆರಾ ಕಣ್ಣಿಂದ ರಸ್ತೆ ನೋಡಿ ಓಡ್ತಿದ್ವು. ಗಾಡಿ ಎಂಗೆ ಓಡ್ತಿದೆ ಅಂತ ಒಳಗೆ ಕೂತೋರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು ಅಂತ ಮಾಲತೇಶ ತನ್ನ ಗಾಡಿಯ ಚಾವಣಿಗೆ ಒಂದು ಮೈಕಿನ ಕಿವಿ ಇಟ್ಟಿದ್ದ. 'ಭಯಗ್ರಾಹಿ' ಅಂತ ಹೆಸರಿಟ್ಟ. ಅಜ್ಜಿ 'ಅಂಜುಗಿವಿ' ಅಂದ್ಲು, ಅದೇ ಹೆಸರು ಉಳ್ಕೊಂತು. ಒಳಗಿದ್ದೋರು ಚೀರಿದ್ರೆ ನಿಲ್ಲೋದು, ನಕ್ಕರೆ ಜೋರಾಗಿ ಓಡೋದು. ಒಂದು ಗಾಡಿ ಕಲಿತಿದ್ದು ಉಪಗ್ರಹಕ್ಕೆ ಹೋಗಿ, ಅಲ್ಲಿಂದ ಜಿಲ್ಲೇಲಿ ಓಡೋ ಅವನ ಗಾಡಿಗಳಿಗೆಲ್ಲ ಇಳಿಯೋದು.

ಕಲಿಸೋಕೆ ಯಾರನ್ನ ಕೂರಿಸಿದ್ರೂ ಕಲ್ಲು ಬಸವಣ್ಣನ ಥರ ಕೂತಿರೋರು. ಪಾಲಮ್ಮಜ್ಜಿಗೋ ಅಂಗೈಯಗಲದ ಗುಂಡಿನೂ ಪಾತಾಳ. ಅವಳ ಕೂಗು ಕೇಳೀಕೇಳೀ ಗಾಡಿ ಪಳಗಿಬಿಡ್ತು. ಮಾಲತೇಶನಿಗೆ ಅದೆಷ್ಟು ನಂಬಿಕೆ ಬಂತು ಅಂದ್ರೆ, ಸ್ಟೇರಿಂಗು ಬ್ರೇಕು ಎರಡನ್ನೂ ಕಿತ್ತಾಕಿಬಿಟ್ಟ.

ಅವತ್ತೇ ಮಧ್ಯಾಹ್ನ ಕ್ವಾರ್ಟರ್ಸಿಂದ ಅವನ ಹೆಂಡತಿ ಸೌಭಾಗ್ಯ ಫೋನ್ ಮಾಡಿದ್ಲು. ದಿನ ತುಂಬೋ ಮುಂಚೆನೇ ಹೆರಿಗೆ ನೋವು! "ಬಿ.ಪಿ. ಏರ್ತಿದೆ. ತಾಯಿ, ಮಗು ಇಬ್ಬರಿಗೂ ಅಪಾಯ. ಆಂಬುಲೆನ್ಸ್ ಕಾಯ್ಬೇಡಿ, ತಕ್ಷಣ ಕರ್ಕೊಂಡು ಬನ್ನಿ" ಅಂದ್ರು ಫೋನಲ್ಲಿ ಡಾಕ್ಟ್ರು. ಕೈಗೆ ಸಿಕ್ಕಿದ್ದು ಅದೇ ಗಾಡಿ. ಹೆಣ್ಣಿನ ಜೊತೆ ಬೇಕಲ್ಲ, ಅಜ್ಜಿನೂ ಹತ್ತಿದ್ಲು.

ಗೇಟು ದಾಟಿದ್ದೇ ತಡ, "ಅಮ್ಮಾ!" ಅಂತ ಚೀರಿದ್ಲು ಸೌಭಾಗ್ಯ. ಗಾಡಿ ಗಕ್ಕನೆ ನಿಂತ್ಕೊಂತು. ಮತ್ತೆ ಹೊರಡ್ತು. ಮತ್ತೆ ಚೀರಿದ್ಲು, ಮತ್ತೆ ನಿಂತ್ಕೊಂತು.

"ಯಾಕ್ರೀ ನಿಲ್ಸ್ತೀರಾ?"

"ನಾನಲ್ಲ ಕಣೇ, ನೀನು ಹೆದರಿದ್ಯ ಅಂತ ಅದೇ..."

"ಬ್ರೇಕೆಲ್ಲಿ, ಸ್ಟೇರಿಂಗೆಲ್ಲಿ?"

"ಕಿತ್ತಾಕಿದೀನಿ."

"ಮೊದಲು ನಿಮ್ಮನ್ನ ಕಿತ್ತಾಕ್ಬೇಕು!" ಅಂತ ಇನ್ನೂ ಜೋರಾಗಿ ಚೀರಿದ್ಲು.

ಮಾಲತೇಶನ ಮೈಯಿಂದ ಬೆವರು ಕೆರೆ ಕೋಡಿ ಬಿದ್ದಂಗೆ ಹರೀತು. ಅಂಜುಗಿವಿ ಕಿತ್ತರೆ ಗಾಡಿ ಅಲ್ಲಾಡಲ್ಲ. ಬಿಟ್ಟರೆ ಆಸ್ಪತ್ರೆ ಸೇರಲ್ಲ.

"ನಕ್ಕರೆ ಓಡುತ್ತೆ ಅಲ್ವೇನಪ್ಪ?" ಅಂದ್ಲು ಅಜ್ಜಿ. ಸೌಭಾಗ್ಯನ ಕೈ ಹಿಡ್ಕೊಂಡು, "ತಾಯೀ, ನಿನ್ ಗಂಡನ ಮುಖ ಒಂದ್ಸಲ ನೋಡವ್ವ. ನೋವು ನಿಂದು, ಆದ್ರೆ ಹೆರೋನು ಇವನೇ ಅನ್ನಂಗವ್ನೆ!"

ಸೌಭಾಗ್ಯ ನೋಡಿದ್ಲು. ನೋವಿನ ಮಧ್ಯೆನೇ ಪಕ್ಕನೆ ನಗು ಬಂತು. ಗಾಡಿ ಚಂಗನೆ ನೆಗೀತು.

"ನಾನು ಮೊದಲ್ನೇದು ಹೆರುವಾಗ ಕೂಗಿದ ಕೂಗಿಗೆ ಊರ ಕೋಳಿಗಳೆಲ್ಲ ಒಂದೇ ಸಲ ಮೊಟ್ಟೆ ಇಕ್ಕಿದ್ವು ಕಣೇ. ಹುಂಜಾನೂ ಇಕ್ತು!"

"ಹುಂಜಾನಾ? ಅಜ್ಜೀ, ಸಾಕು..."

"ನಮ್ಮತ್ತೆ ಆ ಮೊಟ್ಟೆನೇ ಬೇಯಿಸಿ ಕೊಟ್ಲು. ಅವತ್ತಿಂದ ನಾನು ಎಲ್ರಿಗಿಂತ ಮುಂಚೆ ಎದ್ದು ಕೂಗ್ತೀನಿ!"

ಸೌಭಾಗ್ಯ ಕಣ್ಣೀರು ಸುರಿಸ್ಕೊಂಡೇ ನಕ್ಕಳು. ಹೆದರಿ ಮುದುರಿಕೊಂಡಿದ್ದ ಮಾಲತೇಶನೂ ನಕ್ಕ. ಗಾಡಿ ಓಡಲಿಲ್ಲ, ಹಾರ್ತು. ರಸ್ತೆ ಪಕ್ಕದ ಕುರಿಗಳ ಉಣ್ಣೆಯೆಲ್ಲ ಗಾಳಿಗೆ ಕಿತ್ಹೋಗಿರ್ಬೇಕು.

ಆಸ್ಪತ್ರೆ ಬಾಗಿಲಲ್ಲಿ ನರ್ಸು ಒಳಗೆ ಹತ್ತಿದ್ದೇ, ಮಗು ಗಾಡೀಲೇ ಹುಟ್ತು. ನರ್ಸು ಬೆನ್ನು ತಟ್ಟಿದ್ಲು. ಆಮೇಲೆ ಕಿರ್ರೋ ಅಂತ ಅತ್ತಿತು ಹೆಣ್ಣುಮಗು. ಎಲ್ಲರೂ ಒಟ್ಟಿಗೆ ನಕ್ಕರು.

ಅಂಜುಗಿವಿಗೆ ಅಳುವೂ ಕೇಳ್ತು, ನಗುವೂ ಕೇಳ್ತು. ನಿಲ್ಲೋದಾ, ಓಡೋದಾ? ಗಾಡಿ ಒಂದ್ಸಲ ನಡುಗ್ತು. ಆಮೇಲೆ ಮೆಲ್ಲಗೆ ಗೇಣು ಮುಂದೆ ಹೋಯ್ತು, ಗೇಣು ಹಿಂದೆ ಬಂತು. ಮತ್ತೆ ಮುಂದೆ, ಮತ್ತೆ ಹಿಂದೆ. ಮಗು ಅಳು ನಿಲ್ಲಿಸ್ತು.

"ಇದನ್ನ ನಾನು ಕಲಿಸಿಲ್ಲ" ಅಂದ ಮಾಲತೇಶ.

"ನಾನೂ ಕಲಿಸಿಲ್ಲ ಕಣಪ್ಪ" ಅಂದ್ಲು ಅಜ್ಜಿ. ಹುಟ್ಟಿದಾಗಿಂದ ಅವಳು ಉಪ್ಪು ಖಾರ ಹಚ್ಚದೆ ಆಡಿದ ಮಾತು ಅದೊಂದೇ.

ಈ ಪಾಠನೂ ಉಪಗ್ರಹಕ್ಕೆ ಹೋಯ್ತು, ಜಿಲ್ಲೆಯ ಗಾಡಿಗಳಿಗೆಲ್ಲ ಇಳೀತು. ತಾಯಂದಿರಿಗೆ ಸುದ್ದಿ ತಿಳಿಯೋಕೆ ಉಪಗ್ರಹ ಬೇಕಾಗಲಿಲ್ಲ. ಮಾರನೇ ವಾರ ಮಾಲತೇಶ ಆಫೀಸಿಗೆ ಹೊರಟ್ರೆ, ಸ್ಟ್ಯಾಂಡಿನ ತುಂಬ ಗಾಡಿಗಳು ಸಾಲಾಗಿ ನಿಂತಲ್ಲೇ ತೂಗ್ತಿದ್ವು. ಒಂದೂ ಎಲ್ಲಿಗೂ ಹೋಗ್ತಿರಲಿಲ್ಲ. ಅವನು ಚಪ್ಪಲಿ ಸದ್ದಾಗದಂಗೆ ನಡ್ಕೊಂಡೇ ಹೊರಟ.

ದೂರದಿಂದ ಪಾಲಮ್ಮಜ್ಜಿ ಕಂಡ್ಲು. "ಏನಪ್ಪೋ, ಗಾಡಿ ಮಾಡ್ದೋನಿಗೇ ಗಾಡಿ ಸಿಗ್ಲಿಲ್ವಾ?"

ಮಾಲತೇಶ ತುಟಿ ಮೇಲೆ ಬೆರಳಿಟ್ಟ. "ಅಜ್ಜೀ, ಮೆಲ್ಲಗೆ... ಮಕ್ಕಳು ಮಲಗಿದಾವೆ."