ಎರಡನೇ ಚರಣದ ತಡೆ

ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲಲ್ಲೇ ಮುದುಕಿ! ಮಾತಿಲ್ಲ ಕತೆಯಿಲ್ಲ, ಹಾಡಿನ ಟೀಚರಿನ ಮುಖಕ್ಕೆ ಫೋನು ಹಿಡಿದಳು. ಯಾವುದೋ ಹೋಟೆಲಿನ ಉದ್ಘಾಟನೆ. ವೇದಿಕೆಯ ಮೇಲೆ ಐದಾರು ಜನ ಹಾಡುತ್ತಿದ್ದರು—ಟೀಚರ್ ವರ್ಷವಿಡೀ ತಲೆಕೆಡಿಸಿಕೊಂಡು ನಾಲ್ಕು ದನಿಯಲ್ಲಿ ಒಟ್ಟಿಗೆ ಹಾಡಲು ಹೊಂದಿಸಿದ ಅದೇ ಹಾಡು.

ಹಾಡು ಕಟ್ಟಿದ್ದು ಮುದುಕಿಯ ಗಂಡ. ಆತ ಹೋದ ಮೇಲೆ ಹಕ್ಕು ಈಕೆಯದು. ಕಾಡಿ ಬೇಡಿದ ಮೇಲೆ ಅನುಮತಿ ಕೊಟ್ಟಿದ್ದಳು: ಹೊಂದಿಸಿ, ಆದರೆ ನಿಮ್ಮ ತಂಡ ಬಿಟ್ಟು ಬೇರೆಯವರು ಹಾಡಕೂಡದು. ಇವತ್ತು ಸಂಜೆ ಪುರಭವನದಲ್ಲಿ ಮೊದಲ ಪ್ರಯೋಗ. ಕದ್ದವರನ್ನು ಹಿಡಿದು ದೂರು ಬರೆದುಕೊಟ್ಟರೆ ಸರಿ, ಇಲ್ಲದಿದ್ದರೆ ಅನುಮತಿ ರದ್ದು ಎಂದಳು ಮುದುಕಿ. ಜೊತೆಗೆ ಹಕ್ಕುದಾರರ ಸಂಘದ ತನಿಖೆಯವನನ್ನೂ ಕರೆತಂದಿದ್ದಳು. ಹುಟ್ಟುವಾಗಲೇ ಹುಬ್ಬು ಗಂಟಿಕ್ಕಿಕೊಂಡು ಬಂದವನ ಹಾಗಿದ್ದ.

ತಂಡವೆಲ್ಲ ಅಭ್ಯಾಸದ ಕೋಣೆಗೆ ಬಂತು, ತಂಡದವನಲ್ಲದ ಟೀಚರಿನ ಮೈದುನನೂ ಬಂದ. ಟೀಚರ್ ನೇರವಾಗಿ ಮೈದುನನ ಕಡೆ ಕೈ ತೋರಿಸಿದಳು. ಸ್ವರಹಾಳೆ ಜೆರಾಕ್ಸ್ ಆದದ್ದು ಅವನ ಅಂಗಡಿಯಲ್ಲೇ. ಅತ್ತಿಗೆಗೆ ತನ್ನನ್ನು ಕಂಡರೆ ಮೊದಲಿಂದಲೂ ಉರಿ ಎಂದು ಅವನು ತಿರುಗಿಬಿದ್ದ. ಕೀಬೋರ್ಡಿನವನು ತನಗೇನೂ ಗೊತ್ತಿಲ್ಲ ಎಂದು ಮುಖ ತಿರುಗಿಸಿದ. ತಂಡದಲ್ಲೇ ಹಾಡುತ್ತಿದ್ದ ಟೀಚರಿನ ತಂಗಿಗೆ ಅಕ್ಕನ ಜೊತೆ ಮಾತೇ ಬೇಕಿರಲಿಲ್ಲ. ಸ್ವರ ಓದಲು ಬಾರದವಳು ಎಂದು ಎಲ್ಲರೆದುರು ಬೈದು, ಅವಳು ಒಬ್ಬಳೇ ಹಾಡಬೇಕಿದ್ದ ಭಾಗವನ್ನು ಅಕ್ಕ ಬೇರೆಯವರಿಗೆ ಕೊಟ್ಟಿದ್ದಳು.

ತನಿಖೆಯವನು ಹಾಡಿ ಎಂದ. ಹಾಡಿದರು. ಎರಡನೇ ಚರಣದಲ್ಲಿ ಕೀಬೋರ್ಡ್ ತಟ್ಟನೆ ನಿಂತಿತು, ಮತ್ತೆ ಶುರುವಾಯಿತು.

"ಇಲ್ಲಿ ಯಾಕೆ ತಡೆ?"

"ಹಾಳೆ ತಿರುಗಿಸಬೇಕಲ್ಲ," ಎಂದ ಕೀಬೋರ್ಡಿನವನು ಮುಜುಗರದಿಂದ. "ಎರಡೂ ಕೈ ಕೀಗಳ ಮೇಲಿರ್ತವೆ. ಅಷ್ಟು ಹೊತ್ತು ಇವರೆಲ್ಲ ಕಾಯ್ತಾರೆ."

"ಹಾಳೆಯಲ್ಲಿ ಈ ತಡೆ ಇಲ್ಲ. ಹೋಟೆಲಿನಲ್ಲಿ ಹಾಡಿದವರ ಮುಂದೆ ಹಾಳೆಯೇ ಇರಲಿಲ್ಲ, ಆದರೂ ಸರಿಯಾಗಿ ಇಲ್ಲೇ ನಿಂತರು. ಯಾಕೆ?"



ತನಿಖೆಯವನೇ ಬಿಡಿಸಿ ಹೇಳಿದ. ಮೈದುನ ಅಭ್ಯಾಸಕ್ಕೆ ಒಂದು ದಿನವೂ ಬಂದವನಲ್ಲ; ಅವನು ಹಾಳೆ ಕೊಟ್ಟಿದ್ದರೆ ಅದರ ಜೊತೆ ತಡೆ ಅವರಿಗೆ ಹೋಗುತ್ತಿರಲಿಲ್ಲ. ಕೀಬೋರ್ಡಿನವನು ತನ್ನ ತೊಡಕನ್ನು ತಾನೇ ಇನ್ನೊಬ್ಬರಿಗೆ ಕಲಿಸುತ್ತಾನೆಯೇ? ಉಳಿದವರು ಹಾಳೆ ನೋಡಿ ಹಾಡುವವರು, ತಡೆ ಹಾಡಿನದಲ್ಲ ಎಂದು ಬಲ್ಲವರು. ತಡೆಯೂ ಹಾಡಿನ ಭಾಗವೇ ಎಂದು ನಂಬಬಲ್ಲವರು ಬರೀ ಕಿವಿಯಿಂದ ಕಲಿತವರು. ಅಂಥವರು ಇಲ್ಲಿ ಒಬ್ಬರೇ.

ಎಲ್ಲರೂ ತಂಗಿಯತ್ತ ತಿರುಗಿದರು.

"ಹೌದು, ನಾನೇ ಕಲಿಸಿದೆ," ಎಂದಳು ಅವಳು. "ಅಲ್ಲಿ ನನ್ನನ್ನ ಟೀಚರ್ ಅಂತ ಕರೀತಾರೆ."

ಟೀಚರಿಗೆ ಮೈಯೆಲ್ಲ ಉರಿಯಿತು. ಮುದುಕಿ ಗಡಿಯಾರ ನೋಡಿದಳು. ತನಿಖೆಯವನು ದೂರಿಗೆ ಹೆಸರು ಕೇಳಿದ. ಟೀಚರ್ ತಂಗಿಯ ಹೆಸರು ಹೇಳಿದಳು.

"ತಂದೆಯ ಹೆಸರು?"

ಟೀಚರ್ ಬಾಯಿ ತೆರೆದಳು. ತಂಗಿಯತ್ತ ನೋಡಿ ಮತ್ತೆ ಮುಚ್ಚಿದಳು.

"ನಮ್ಮಪ್ಪನ ಹೆಸರು ನಾನು ಹೇಳ್ತೀನಿ, ಬರ್ಕೊಳ್ಳಿ," ಎಂದಳು ತಂಗಿ.

ಅವನು ಬರೆದುಕೊಂಡ. ಟೀಚರ್ ತಲೆಯೆತ್ತದೆ ಸಹಿ ಹಾಕಿದಳು.